ಇಲ್ಲದ ಅಣ್ಣನ ಬೂಟು

ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಒಬ್ಬಳೇ ಮಗಳಿಗೆ ಹುಟ್ಟಿದಾಗ ಇಟ್ಟ ಹೆಸರೊಂದು ಇತ್ತು. ಶಾಲೆಯ ಹಾಜರಿಯಲ್ಲಿ ಬಿಟ್ಟರೆ ಬೇರೆಲ್ಲೂ ಆ ಹೆಸರು ಬಳಕೆಯಾಗಲಿಲ್ಲ. ಬೀದಿಗೆಲ್ಲ ಅವಳು ಬ್ರೇಕು.

ಅವಳಪ್ಪನ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿ ಇನ್ನೊಂದು ಬ್ರೇಕು. ಅಮ್ಮ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಹಾಗಾಗಿ ಶಾಲೆ ಬಿಟ್ಟ ಮೇಲೆ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಮೇಷ್ಟ್ರು ಪಾಠ ನಡೆಸುತ್ತಿದ್ದರು. ಕಲಿಯುವವರು ಕಂಬದ ಕಡೆಗೋ, ತರಕಾರಿ ಗಾಡಿಯ ಕಡೆಗೋ, ಒಮ್ಮೆಯಂತೂ ಕಟಿಂಗ್ ಶಾಪಿನೊಳಕ್ಕೇ ಕಾರು ತಿರುಗಿಸಿದಾಗ ಮೇಷ್ಟ್ರು ತಮ್ಮ ಬ್ರೇಕು ಒತ್ತುತ್ತಿದ್ದರು. ಹಿಂದೆ ಕೂತ ಮಗಳೂ ಕಾಲಡಿಯ ಮ್ಯಾಟನ್ನು ಜೀವ ಹೋಗುವ ಹಾಗೆ ಒತ್ತುತ್ತಿದ್ದಳು. ಕಾರು ನಿಲ್ಲುತ್ತಿತ್ತು. ತನ್ನಿಂದಲೇ ನಿಂತಿತು ಅಂತ ಬಹಳ ದಿನ ನಂಬಿದ್ದಳು. ಆ ಅಭ್ಯಾಸ ದೊಡ್ಡವಳಾದರೂ ಹೋಗಲಿಲ್ಲ. ಬಸ್ಸಿನಲ್ಲಿ ಒತ್ತುವಳು, ಲಿಫ್ಟಿನಲ್ಲಿ ಒತ್ತುವಳು, ಸಿನಿಮಾದಲ್ಲಿ ಲಾರಿ ಎದುರು ಬಂದರೆ ಮುಂದಿನ ಸೀಟಿನವರ ಸೊಂಟಕ್ಕೆ ಒದೆ ಬೀಳುತ್ತಿತ್ತು.

ಇಂಥ ಹುಡುಗಿ ಹಲ್ಲುಸೆಟ್ಟು ಮಾಡುವ ವಿದ್ಯೆ ಕಲಿಯಲು ಹೊರದೇಶಕ್ಕೆ ಹೊರಟಳು. ಮೇಣ ಕರಗಿಸಿ ಅಚ್ಚು ತೆಗೆದು ಒಬ್ಬೊಬ್ಬರ ಬಾಯಿಗೂ ಸರಿಹೊಂದುವ ಹಾಗೆ ಹಲ್ಲು ಜೋಡಿಸುವ ಕೆಲಸ ಅದು. ಬೆರಳು ಚುರುಕಾಗಿರಬೇಕು, ಆತುರ ಇರಬಾರದು. ಆತುರ ಅನ್ನುವುದು ಬ್ರೇಕುವಿನ ವಂಶದಲ್ಲೇ ಇರಲಿಲ್ಲ. ಸೀಟು ಸಿಕ್ಕಿತು, ವೀಸಾ ಬಂತು, ಮನೆಯಲ್ಲಿ ಬುದ್ಧಿವಾದದ ಸುರಿಮಳೆ ಶುರುವಾಯಿತು.

ಅದರಲ್ಲಿ ಮುಖ್ಯವಾದದ್ದು ವಾರ್ಡನ್ ಅತ್ತೆಯದು. ಮೇಷ್ಟ್ರ ಅಕ್ಕ, ಬದುಕೆಲ್ಲ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಂಡವರು. ಗೋಡೆ ಹಾರುವವರು ಯಾವ ಕಾಲು ಮೊದಲು ಎತ್ತುತ್ತಾರೆ ಅನ್ನುವುದನ್ನೂ ಬಲ್ಲವರು. ಅವರು ಸೋದರಸೊಸೆಯನ್ನು ಎದುರಿಗೆ ಕೂರಿಸಿಕೊಂಡರು.

"ಒಬ್ಬಳೇ ಇದ್ದೀನಿ ಅಂತ ಯಾರಿಗೂ ಹೇಳಬೇಡ. ಬಾಗಿಲಿಗೆ ಬಂದವನಿಗೆ, ಫೋನ್ ಮಾಡಿದವನಿಗೆ, ನಲ್ಲಿ ರಿಪೇರಿಯವನಿಗೆ, ಯಾರಿಗೂ."

"ಮತ್ತೆ ಏನು ಹೇಳಲಿ ಅತ್ತೆ?"

"ಅಣ್ಣ ಇದ್ದಾನೆ ಅನ್ನು."

"ನನಗೆ ಅಣ್ಣ ಇಲ್ವಲ್ಲ."

"ನಲ್ಲಿ ರಿಪೇರಿಯವನಿಗೆ ಅದು ಗೊತ್ತಾ?"

ಬ್ರೇಕು ಯೋಚಿಸಿದಳು. ಗೊತ್ತಿರಲಿಕ್ಕಿಲ್ಲ ಅನ್ನಿಸಿತು.

"ಬಾಯಲ್ಲಿ ಹೇಳಿದರೆ ಸಾಲದು, ಬಾಗಿಲ ಹೊರಗೆ ಗಂಡಸರ ಬೂಟು ಕಾಣಬೇಕು" ಅಂದರು ಅತ್ತೆ. ಮೇಷ್ಟ್ರ ಬೂಟು ತಂದು ನೋಡಿದರು. ಮೇಷ್ಟ್ರ ಪಾದ ಪುಟ್ಟದು. "ಇದನ್ನ ನೋಡಿದ ಕಳ್ಳನಿಗೆ ಇನ್ನೂ ಧೈರ್ಯ ಬರುತ್ತೆ" ಅಂತ ಅತ್ತೆ ಅದನ್ನು ಮೂಲೆಗೆ ಎಸೆದರು. ಮೇಷ್ಟ್ರು ಹೋಗಿ ಬೂಟನ್ನು ಒರೆಸಿಟ್ಟುಕೊಂಡರು.

ಊರಿನ ಚಪ್ಪಲಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಒಂದು ಜೊತೆ ಕರಿ ಬೂಟು ತುಂಬ ಕಾಲದಿಂದ ಕೂತಿತ್ತು. ಯಾವ ಗಿರಾಕಿಯ ಕಾಲಿಗೂ ಅದು ಆಗಿದ್ದಿಲ್ಲ. ಒಂದೊಂದರಲ್ಲೂ ಒಂದು ಬೆಕ್ಕು ಮರಿ ಹಾಕಿಕೊಂಡು ಸುಖವಾಗಿರಬಹುದಿತ್ತು. ಅತ್ತೆ ಅದನ್ನೇ ಕೊಂಡರು. ಹೊಸದಾಗಿ ಕಾಣಬಾರದು ಅಂತ ಹಿತ್ತಲಿಗೆ ಒಯ್ದು ಕೆಸರು ಮೆತ್ತಿ, ಹಿಮ್ಮಡಿ ಸವೆಯುವ ತನಕ ಕಲ್ಲಿಗೆ ಉಜ್ಜಿದರು. ಅಕ್ಕಪಕ್ಕದವರು ಅತ್ತೆಗೆ ಏನೋ ಆಗಿದೆ ಅಂದುಕೊಂಡರು.

ಹೊರದೇಶದಲ್ಲಿ ಇಳಿದ ಮೇಲೆ ವಿಮಾನ ನಿಲ್ದಾಣದಲ್ಲಿ ಸಾಮಾನು ತಪಾಸಣೆಯವನು ಪೆಟ್ಟಿಗೆ ತೆರೆಸಿ ಬೂಟು ಮೇಲೆತ್ತಿದ.

"ಇದು ಯಾರದು?"

"ಅಣ್ಣಂದು" ಅಂದಳು ಬ್ರೇಕು. ಇದೇ ಮೊದಲ ಸಲ ಹೇಳಿದ್ದು.

"ಅಣ್ಣ ಎಲ್ಲಿ?"

"ಬರ್ತಾನೆ."

ತಪಾಸಣೆಯವನು ಬೂಟು ನೋಡಿದ, ಬಾಗಿಲ ಕಡೆ ನೋಡಿದ, ಪೆಟ್ಟಿಗೆ ಮುಚ್ಚಿ "ಹೋಗಿ" ಅಂದ. ಅತ್ತೆಯ ಉಪಾಯ ಬಲವಾದದ್ದು ಅಂತ ಬ್ರೇಕುಗೆ ಅಲ್ಲೇ ಖಾತ್ರಿಯಾಯಿತು.

ಆ ಊರಿನ ಭಾಷೆ ಬೇರೆ. ಆದರೆ ಕಥೆ ಕೇಳುವವರು ನಾವಾದ್ದರಿಂದ ಎಲ್ಲರ ಮಾತನ್ನೂ ನಮ್ಮ ಮಾತಿನಲ್ಲೇ ಹೇಳುತ್ತೇನೆ.

ಅವಳಿಗೆ ಸಿಕ್ಕಿದ್ದು ಮಹಡಿ ಮೇಲಿನ ಒಂದು ಕೋಣೆ. ಒಂದು ಮಂಚ, ಒಂದು ಮೇಜು, ಕಿಟಕಿಯಾಚೆ ಎದುರು ಮನೆಯ ಒಣಗಲು ಹಾಕಿದ ಬಟ್ಟೆ. ಕೆಳಗಿನ ಮನೆಯಲ್ಲಿ ಯಜಮಾನಿ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಯಾರನ್ನು ನೋಡಿದರೂ ಟಿಕೆಟ್ ಇಲ್ಲದೆ ಹತ್ತಿದವರ ಹಾಗೆಯೇ ನೋಡುತ್ತಿದ್ದಳು. ಬ್ರೇಕುವಿನ ಎದುರು ಕೋಣೆಯಲ್ಲಿ ಸಂಗೀತ ಕಲಿಯುವ ಒಬ್ಬ ವಿದ್ಯಾರ್ಥಿ. ದಿನವಿಡೀ ಊದುವುದೇ ಅವನ ಪಾಠ, ಹಾಗಾಗಿ ಬ್ರೇಕು ಅವನಿಗೆ ಮನಸ್ಸಿನಲ್ಲೇ ತುತ್ತೂರಿ ಅಂತ ಹೆಸರಿಟ್ಟಳು. ಅವನು ಊದಿದರೆ ಎದುರು ಮನೆಯ ಬಟ್ಟೆ ಬೇಗ ಒಣಗುತ್ತದೆ ಅನ್ನಿಸುತ್ತಿತ್ತು.

ಬೂಟು ಬಾಗಿಲ ಹೊರಗೆ ಕೂತ ಮರುದಿನವೇ ಯಜಮಾನಿ ಮೆಟ್ಟಿಲು ಹತ್ತಿ ಬಂದಳು.

"ಯಾರದಿದು?"

"ನಮ್ಮಣ್ಣಂದು ಆಂಟಿ. ಆಗಾಗ ಬಂದು ಹೋಗ್ತಾನೆ."

"ಏನು ಮಾಡ್ತಾನೆ?"

ಅತ್ತೆ ಇಷ್ಟು ದೂರ ಹೇಳಿಕೊಟ್ಟಿರಲಿಲ್ಲ. ಬ್ರೇಕು ಬೂಟು ನೋಡಿದಳು. ಆ ಬೂಟಿಗೆ ತಕ್ಕ ಉದ್ಯೋಗ ಒಂದೇ ಹೊಳೆಯಿತು. "ಕುಸ್ತಿ" ಅಂದಳು.

ಯಜಮಾನಿ ಬಗ್ಗಿ ತನ್ನ ಪಾದವನ್ನು ಬೂಟಿನ ಪಕ್ಕ ಇಟ್ಟು ಅಳೆದಳು. "ಮೆಟ್ಟಿಲು ಹಳೇದು. ಬರುವಾಗ ಗೋಡೆ ಪಕ್ಕದಲ್ಲೇ ಹತ್ತೋಕೆ ಹೇಳು" ಅಂದು ಇಳಿದು ಹೋದಳು.

ಸುದ್ದಿ ತುತ್ತೂರಿಯ ಕಿವಿಗೂ ಬಿತ್ತು. ಅಂದಿನಿಂದ ಅವನು ಕಿಟಕಿ ಮುಚ್ಚಿ, ವಾದ್ಯದ ಬಾಯಿಗೆ ಟವೆಲ್ ತುರುಕಿ ಊದತೊಡಗಿದ. ಕೋಣೆಯಿಂದ ಹೊರಬಂದಾಗ ಬೂಟಿನ ಕಡೆಗೆ ಸಣ್ಣಗೆ ತಲೆಬಾಗಿ ಮುಂದೆ ಹೋಗುತ್ತಿದ್ದ.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮೇಷ್ಟ್ರಿಗೆ ಈ ಕೆಲಸದಲ್ಲಿ ತಮ್ಮ ಪಾಲೂ ಇರಲಿ ಅನ್ನಿಸಿತು. ತಮ್ಮ ಬೂಟು ನಡೆಯದಿದ್ದರೂ ಗಂಟಲು ನಡೆಯುತ್ತದೆ ಅನ್ನುವುದು ಅವರ ವಾದ. ಕಾರಿನಲ್ಲಿ ಪಾಠ ಮಾಡುತ್ತಲೇ ಫೋನಿಗೆ ತಮ್ಮ ದನಿ ತುಂಬಿಸಿ ಕಳಿಸಿದರು: ಮೊದಲು ಒಂದು ದೊಡ್ಡ ಕೆಮ್ಮು, ಆಮೇಲೆ ಗಡಸಾಗಿ "ಯಾರದು?" ಬಾಗಿಲು ತಟ್ಟಿದ ಸದ್ದಾದರೆ ಅದನ್ನು ಹಾಕಬೇಕು. ಒಂದು ಮಧ್ಯಾಹ್ನ ಪಾರ್ಸೆಲ್ ಕೊಡುವವನು ಬಂದ. ಬ್ರೇಕು ದನಿ ಹಾಕಿದಳು. ಕೆಮ್ಮೂ ಬಂತು, "ಯಾರದು"ವೂ ಬಂತು. ಆದರೆ ಮೇಷ್ಟ್ರು ಫೋನ್ ಆರಿಸುವುದನ್ನು ಮರೆತಿದ್ದರು. ಅವರ ಪಾಠವೂ ಹಿಂದೆಯೇ ಬಂತು. "ಕ್ಲಚ್ ಬಿಡು. ನಿಧಾನ ಬಿಡು. ನಿಧಾನ ಅಂದೆನಲ್ಲ. ಅಯ್ಯೋ, ನನ್ನ ಕೊಂದೇ ಬಿಡ್ತೀಯ ನೀನು." ಆಮೇಲೆ ಒಂದು ಹೆಂಗಸು ಕಿರುಚಿದ್ದು, ಏನೋ ಢಬ್ ಅಂದದ್ದು.

ಪಾರ್ಸೆಲ್‌ನವನು ಡಬ್ಬಿಯನ್ನು ಬೂಟಿನ ಮೇಲಿಟ್ಟು ಮೆಟ್ಟಿಲಿಳಿದು ಓಡಿದ. ತುತ್ತೂರಿ ಮೆಲ್ಲಗೆ ಬಾಗಿಲು ತೆರೆದು ಕೇಳಿದ:

"ನಿಮ್ಮಣ್ಣ ಏನೋ ಅಂದ್ರಲ್ಲ, ಕ್ಲಚ್ ಬಿಡು ಅಂತ. ಹಾಗಂದ್ರೇನು?"

"ಅದು ಕುಸ್ತಿ ಪಟ್ಟು" ಅಂದಳು ಬ್ರೇಕು.

"ಯಾರ ಮೇಲೆ ಹಾಕ್ತಿದ್ರು?"

"ಸುಮ್ನೆ ಅಭ್ಯಾಸ, ಗೋಡೆ ಜೊತೆ."

ತುತ್ತೂರಿ ಅಂದಿನಿಂದ ಬೂಟಿಗೆ ಸೊಂಟ ಬಗ್ಗಿಸಿಯೇ ನಮಸ್ಕಾರ ಹಾಕತೊಡಗಿದ.

ಬ್ರೇಕುಗೂ ಅಣ್ಣ ಅಭ್ಯಾಸವಾಗಿಬಿಟ್ಟ. ಕಾಲೇಜಿಗೆ ಹೊರಡುವಾಗ "ಬರ್ತೀನಣ್ಣ, ಬಾಗಿಲು ಹಾಕ್ಕೋ" ಅನ್ನುವಳು. ಬಂದ ಮೇಲೆ "ಊಟ ಆಯ್ತಾ?" ಅನ್ನುವಳು. ಮೊದಲು ಅಕ್ಕಪಕ್ಕದವರು ಕೇಳಲಿ ಅಂತ ಜೋರಾಗಿ ಹೇಳುತ್ತಿದ್ದಳು. ಆಮೇಲಾಮೇಲೆ ಮೆಲ್ಲಗೆ, ಯಾರೂ ಇಲ್ಲದಾಗಲೂ ಹೇಳತೊಡಗಿದಳು. ಹೊಸ ಊರಿನಲ್ಲಿ ಊಟ ಆಯ್ತಾ ಅಂತ ಕೇಳಲು ಒಬ್ಬರಾದರೂ ಬೇಕಲ್ಲ. ಒಂದು ಸಲ ಬೆಳಿಗ್ಗೆ ತಿಂಡಿಗೆ ಎರಡು ತಟ್ಟೆ ಇಟ್ಟುಬಿಟ್ಟಳು. ಆಮೇಲೆ ನಾಚಿಕೊಂಡು ಎರಡರಲ್ಲೂ ತಾನೇ ತಿಂದಳು.

ಒಂದು ದಿನ ಯಜಮಾನಿ ಕೆಳಗಿನಿಂದ ಕೂಗಿದಳು. "ನಿಮ್ಮಣ್ಣನ್ನ ಸ್ವಲ್ಪ ಕಳಿಸು. ಈ ಬೀರು ಆ ಗೋಡೆಗೆ ಸರಿಸಬೇಕು."

ಅದು ಕಬ್ಬಿಣದ ಬೀರು. ಬ್ರೇಕು ಮೆಟ್ಟಿಲ ತುದಿಗೆ ಓಡಿ ಬಂದಳು. "ಅಣ್ಣನಿಗೆ ಸೊಂಟ ಹಿಡಿದಿದೆ ಆಂಟಿ."

"ಕುಸ್ತಿಯವನಿಗೆ?"

"ಕುಸ್ತಿಯಲ್ಲೇ ಹಿಡಿದದ್ದು."

ಯಜಮಾನಿ ಮುಲಾಮಿನ ಡಬ್ಬಿ ಹಿಡಿದು ಮೇಲೆ ಬಂದಳು, ತಾನೇ ಹಚ್ಚುತ್ತೇನೆ ಅಂದಳು. ಬ್ರೇಕು ಬಾಗಿಲಿಗೆ ಅಡ್ಡ ನಿಂತು, ಅಣ್ಣನಿಗೆ ಕಚಗುಳಿ ಬಹಳ, ಹೊರಗಿನವರು ಮುಟ್ಟಿದರೆ ಒದೆಯುತ್ತಾನೆ ಅಂತ ಹೇಳಿ ಡಬ್ಬಿ ಮಾತ್ರ ಇಸಿದುಕೊಂಡಳು. ಆಮೇಲೆ ಡಬ್ಬಿ ತುಂಬಿದ್ದರೆ ಅನುಮಾನ ಬರುತ್ತದೆ ಅಂತ ದಿನಾ ತನ್ನ ಕಾಲಿಗೇ ಹಚ್ಚಿಕೊಂಡಳು. ಕಾಲೇಜಿನ ಲ್ಯಾಬಿನಲ್ಲಿ ಅವಳ ಪಕ್ಕ ಕೂತವರಿಗೆಲ್ಲ ಕಣ್ಣಲ್ಲಿ ನೀರು.

ಕೊನೆಗೆ ಯಜಮಾನಿ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಬ್ರೇಕು ಕೆಳಗಿಳಿದಳು. ಅವಳು ವಾರದ ಕೊನೆಗೆ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಒದ್ದೆ ಬಟ್ಟೆಯ ಗುಡ್ಡೆಯನ್ನು ಎತ್ತುವ ಬದಲು ಜಾರಿಸುವುದೇ ರೂಢಿ. ಬೀರುವಿನ ಕಾಲಿನಡಿ ಹಳೇ ಬೆಡ್‌ಶೀಟು ತೂರಿಸಿ, ನೆಲಕ್ಕೆ ಸೋಪಿನ ಪುಡಿ ಉದುರಿಸಿ, ಬೆನ್ನು ಕೊಟ್ಟು ತಳ್ಳಿದಳು. ಬೀರು ಹೊರಟಿತು. ಹೊರಟದ್ದು ನಿಲ್ಲಲಿಲ್ಲ. ಬ್ರೇಕು ಅಭ್ಯಾಸದಂತೆ ನೆಲವನ್ನು ಕಾಲಿನಿಂದ ಜೋರಾಗಿ ಒತ್ತಿದಳು. ಸೋಪಿನ ಪುಡಿಯಲ್ಲಿ ಅವಳೂ ಬೀರುವಿನ ಹಿಂದೆಯೇ ಹೊರಟಳು. ಇಬ್ಬರೂ ಒಟ್ಟಿಗೆ ಗೋಡೆ ಮುಟ್ಟಿದರು. ಅದೃಷ್ಟಕ್ಕೆ ಅದೇ ಗೋಡೆಯಾಗಿತ್ತು.

ಯಜಮಾನಿ ಬಂದು ನೋಡಿ ಬೆರಗಾದಳು. "ಸೊಂಟ ಹಿಡಿದಾಗಲೇ ಹೀಗೆ. ಗುಣವಾದ ಮೇಲೆ ಹೇಗೋ" ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಇಷ್ಟರಲ್ಲಿ ಒಬ್ಬ ಫೋನ್ ಮಾಡಿದ. ವಿದ್ಯಾರ್ಥಿಗಳಿಗೆ ಮನೆಯಲ್ಲೇ ಕೂತು ಮಾಡುವ ಕೆಲಸ ಕೊಡಿಸುತ್ತೇನೆ ಅಂದ. ಅವನು ನಮ್ಮ ಭಾಷೆಯಲ್ಲೇ ಮಾತಾಡಿದ. ಪರದೇಶದಲ್ಲಿ ಮನೆಮಾತು ಕಿವಿಗೆ ಬಿದ್ದರೆ ಎಂಥವರ ಮನಸ್ಸೂ ಮೇಣವಾಗುತ್ತದೆ.

"ಒಬ್ಬರೇ ಇದ್ದೀರಾ ಮೇಡಂ?" ಅಂತ ಕೇಳಿದ.

ಅತ್ತೆಯ ಪಾಠ ತಕ್ಷಣ ಎದ್ದು ನಿಂತಿತು. "ಇಲ್ಲ, ಅಣ್ಣ ಇದ್ದಾನೆ. ಕುಸ್ತಿ ಆಡ್ತಾನೆ. ಬೇಗ ಕೋಪ ಬರುತ್ತೆ ಅವನಿಗೆ."

"ಒಳ್ಳೇದು ಮೇಡಂ. ತುರ್ತು ಇದ್ದರೆ ಅಂತ ಊರಿನ ಮನೆ ನಂಬರ್ ಒಂದು ಕೊಡಿ."

ಊರಿನ ನಂಬರ್ ಕೊಡಬೇಡ ಅಂತ ಅತ್ತೆ ಹೇಳಿರಲಿಲ್ಲ. ಬ್ರೇಕು ನಂಬರಿನ ಜೊತೆ ಅಪ್ಪನ ಹೆಸರನ್ನೂ ಕೊಟ್ಟಳು. ಎಲ್ಲವನ್ನೂ ಅತ್ತೆಯೇ ಹೇಳಬೇಕು ಅಂದರೆ ಅವರು ತಾನೆ ಎಷ್ಟು ಅಂತ ಹೇಳುತ್ತಾರೆ.

ಕೆಲಸ ಬರಲಿಲ್ಲ. ಕೆಲವು ದಿನ ಬಿಟ್ಟು, ಒಂದು ಶನಿವಾರ, ಲಾಂಡ್ರಿಯಲ್ಲಿ ಅವಳು ಜೊತೆಗಾರ್ತಿಯೊಂದಿಗೆ ಎರಡು ತುದಿ ಹಿಡಿದು ಬೆಡ್‌ಶೀಟ್ ಮಡಿಸುತ್ತಿದ್ದಾಗ ಬೇರೊಂದು ನಂಬರಿನಿಂದ ಫೋನ್ ಬಂತು. ಈ ದನಿ ಗಡಸಾಗಿತ್ತು.

"ವಲಸೆ ಕಚೇರಿಯಿಂದ ಮಾತಾಡ್ತಿದ್ದೀನಿ. ನಿಮಗೆ ತಿಳೀಲಿ ಅಂತ ನಿಮ್ಮ ಭಾಷೆಯಲ್ಲೇ ಹೇಳ್ತೀನಿ. ನಿಮ್ಮಣ್ಣ ರೈಲ್ವೆ ಸ್ಟೇಷನ್ನಿನಲ್ಲಿ ಹೊಡೆದಾಡಿದ್ದಾನೆ. ನಮ್ಮ ವಶದಲ್ಲಿದ್ದಾನೆ."

ಬೆಡ್‌ಶೀಟಿನ ತುದಿ ಬ್ರೇಕುವಿನ ಕೈಯಿಂದ ಜಾರಿತು. ಅವಳ ಬಾಯಿಂದ ಮೊದಲು ಬಂದ ಮಾತು ಇದು:

"ಏನಾದ್ರೂ ತಿಂದಿದ್ದಾನಾ ಸಾರ್?"

ಆ ಕಡೆಯವನಿಗೂ ಈ ಪ್ರಶ್ನೆ ಹೊಸದು. "ತಿಂದಿದ್ದಾನೆ. ಅದಿರಲಿ. ಫೋನ್ ಇಡಬೇಡಿ, ಯಾರ ಹತ್ರಾನೂ ಮಾತಾಡಬೇಡಿ. ಮಾತಾಡಿದರೆ ನಿಮ್ಮ ವೀಸಾನೂ ಹೋಗುತ್ತೆ. ಮನೆಗೆ ಹೋಗಿ ಪಾಸ್‌ಪೋರ್ಟ್ ಫೋಟೋ ತೆಗೆದು ಕಳಿಸಿ. ಬ್ಯಾಂಕಿನಿಂದ ಒಂದು ನಂಬರ್ ಬರುತ್ತೆ, ಅದನ್ನ ನನಗೆ ಹೇಳಿ. ಇವತ್ತೇ ಬಿಡಿಸಿಬಿಡೋಣ."

ಬ್ರೇಕು ಫೋನನ್ನು ಕಿವಿಗೆ ಒತ್ತಿಕೊಂಡೇ ಲಾಂಡ್ರಿಯಿಂದ ಹೊರಬಿದ್ದಳು. ಜೊತೆಗಾರ್ತಿ ಏನಾಯಿತು ಅಂತ ಕೂಗಿದರೂ ತಿರುಗಲಿಲ್ಲ. ಬಸ್ಸಿನಲ್ಲಿ ಕೂತು ಅತ್ತಳು. ಮುಂಗೋಪಿ ಅಂತ ತನಗೆ ಗೊತ್ತಿತ್ತಲ್ಲ, ಸ್ಟೇಷನ್ನಿಗೆ ಒಬ್ಬನನ್ನೇ ಯಾಕೆ ಬಿಟ್ಟೆ ಅಂತ ತನ್ನನ್ನೇ ಬೈದುಕೊಂಡಳು. ಅಮ್ಮನಿಗೆ ಯಾವ ಮುಖ ತೋರಿಸಲಿ ಅಂದುಕೊಂಡಳು. ಅಣ್ಣ ಅನ್ನುವವನು ಇಲ್ಲವೇ ಇಲ್ಲ ಅನ್ನುವ ಸಣ್ಣ ಸಂಗತಿ ಆ ಗಾಬರಿಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ. ಹೆದರಿದ ಮನುಷ್ಯನ ತಲೆ ಹಾಗೇ. ಕಾಲಡಿಯಲ್ಲಿ ಇಲ್ಲದ ಬ್ರೇಕನ್ನು ಒತ್ತುವವಳಿಗೆ ಇಲ್ಲದ ಅಣ್ಣನಿಗಾಗಿ ಅಳುವುದು ದೊಡ್ಡದಲ್ಲ.

ಮನೆ ಮುಂದೆ ಯಜಮಾನಿ ಗಿಡಕ್ಕೆ ನೀರು ಹಾಕುತ್ತಿದ್ದಳು. ಊದಿದ ಕಣ್ಣು, ಸುರಿಯುವ ಮೂಗು ಕಂಡು ದಾರಿಗೆ ಅಡ್ಡ ನಿಂತಳು.

"ಏನಾಯ್ತು?"

ಮಾತಾಡಬೇಡ ಅಂದಿದ್ದನಲ್ಲ. ಬ್ರೇಕು ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದರಲ್ಲಿ ಸನ್ನೆ ಮಾಡಿದಳು. ಎತ್ತರ ತೋರಿಸಿದಳು, ಅಗಲ ತೋರಿಸಿದಳು, ಮಣಿಕಟ್ಟಿಗೆ ಬೇಡಿ ಹಾಕಿದ ಹಾಗೆ ಮಾಡಿದಳು.

"ಬೀರು ಕಟ್ಟಿ ಹಾಕಬೇಕಾ?"

ಬ್ರೇಕು ಅಲ್ಲ ಅಂತ ತಲೆಯಾಡಿಸಿ, ತೋಳು ಮಡಿಸಿ ಕುಸ್ತಿಯವರ ಹಾಗೆ ತೊಡೆ ತಟ್ಟಿದಳು.

"ನಿಮ್ಮಣ್ಣ. ನಿಮ್ಮಣ್ಣನ್ನ ಹಿಡಿದಿದ್ದಾರಾ?"

ಹೌದು ಅಂತ ಗೋಣು ಹಾಕಿ ಬ್ರೇಕು ಇನ್ನೊಂದು ಸುತ್ತು ಅತ್ತಳು.

ಯಜಮಾನಿ ನೀರಿನ ಪೈಪು ಕೆಳಗಿಟ್ಟಳು. ರೈಲಿನಲ್ಲಿ ದುಡಿದ ಆ ಬುದ್ಧಿ ಟಕಟಕ ಓಡಿತು. "ಅದು ಹೇಗೆ? ಬೆಳಿಗ್ಗೆಯಿಂದ ನಾನು ಬಾಗಿಲಲ್ಲೇ ಇದ್ದೀನಿ, ಯಾರೂ ಇಳಿದಿಲ್ಲ. ಬೂಟು ಮೇಲೇ ಇದೆ, ಈಗಷ್ಟೇ ಗುಡಿಸುವಾಗ ಎತ್ತಿಟ್ಟೆ. ಬರಿಗಾಲಲ್ಲಿ ಹೋಗಿ ಸಿಕ್ಕಿಬಿದ್ನಾ?"

ಬ್ರೇಕು ಅಳು ನಿಲ್ಲಿಸಿದಳು. ಬಾಯಿ ತೆರೆದಿದ್ದು ತೆರೆದ ಹಾಗೇ ಇತ್ತು. ಬೂಟು. ಬೂಟು ಅಲ್ಲಿದೆ. ಬೂಟಿನಲ್ಲಿ ಕಾಲು ಯಾವತ್ತು ಇತ್ತು? ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಮೊದಲು ಭುಜ ಅಲ್ಲಾಡಿತು, ಆಮೇಲೆ ಹೊಟ್ಟೆ. ಇಷ್ಟು ಹೊತ್ತು ಅತ್ತ ಕಣ್ಣಿಂದಲೇ ನಕ್ಕು ನಕ್ಕು ನೀರು ಬಂತು. ಯಜಮಾನಿ ಇವಳಿಗೆ ತಲೆ ಕೆಟ್ಟಿತು ಅಂದುಕೊಂಡು ಪೈಪನ್ನು ಮತ್ತೆ ಕೈಗೆ ತಗೊಂಡಳು.

ಫೋನಿನವನು ಕೇಳಿದ, "ಯಾಕೆ ನಗ್ತಿದ್ದೀರಿ? ಇದು ಗಂಭೀರ ವಿಷಯ."

ಬ್ರೇಕು ಮೂಗು ಒರೆಸಿಕೊಂಡಳು. "ಇಲ್ಲ ಸಾರ್, ದುಃಖ. ಒಂದೇ ಸಲ ಅಣ್ಣನ ಹತ್ರ ಮಾತಾಡಿಸಿ."

ಆ ಕಡೆ ಗುಸುಗುಸು ಆಯಿತು. ಆಮೇಲೆ ಇನ್ನೊಬ್ಬನ ಸಣ್ಣ ಕೀರಲು ದನಿ ಬಂತು. "ತಂಗೀ, ನನ್ನ ಕಾಪಾಡು ತಂಗೀ. ಇಲ್ಲಿ ಬಹಳ ಹೊಡೀತಿದ್ದಾರೆ."

"ಅಣ್ಣಾ, ಸೊಂಟ ಹೇಗಿದೆ?"

"ಬಹಳ ನೋಯ್ತಿದೆ ತಂಗೀ."

"ಮುಲಾಮು ಹಚ್ಚಿದ್ದೆನಲ್ಲ."

"ಅದು ಸಾಲಲಿಲ್ಲ ತಂಗೀ."

"ಇಷ್ಟು ಸಣ್ಣ ದನಿ ಯಾಕಣ್ಣ? ಬೀರು ಎತ್ತಿದವನಲ್ವಾ ನೀನು?"

ಅವನಿಗೆ ಬೀರುವಿನ ಪಾಠ ಕೊಟ್ಟಿರಲಿಲ್ಲ. ತಡವರಿಸಿದ. ಅಷ್ಟರಲ್ಲಿ ಬ್ರೇಕು ಇದು ಮೋಸದ ಫೋನು ಅಂತ ಯಜಮಾನಿಗೆ ಹೇಳಿದ್ದಳು. ಯಜಮಾನಿ ಫೋನ್ ಕಿತ್ತುಕೊಂಡಳು. ಟಿಕೆಟ್ ಇಲ್ಲದವರು ಸಿಕ್ಕಾಗ ಬರುವ ಹಳೇ ಕಳೆ ಮುಖಕ್ಕೆ ಬಂತು.

"ಯಾವ ಕಚೇರಿ? ಯಾವ ಮಹಡಿ? ನಿನ್ನ ಮೇಲಧಿಕಾರಿ ಯಾರು? ಗುರುತಿನ ಚೀಟಿ ನಂಬರ್ ಹೇಳು. ಹಿಂದಿನಿಂದ ಓದು. ಯಾಕೆ ತಡೀತೀಯ? ಇಲ್ವಾ? ಹಾಗಾದರೆ ಇಳಿ."

ಫೋನ್ ಕಟ್ಟಾಯಿತು.

ಮೋಸದವರು ಸುಮ್ಮನಿರಲಿಲ್ಲ. ಬ್ರೇಕು ಬಸ್ಸಿನಲ್ಲಿ ಅಳುತ್ತಿದ್ದ ಹೊತ್ತಿಗೇ ಅವರಲ್ಲೊಬ್ಬ ಊರಿನ ಮನೆಗೂ ಫೋನ್ ಮಾಡಿದ್ದ. ಎತ್ತಿದ್ದು ಅಮ್ಮ.

"ನಿಮ್ಮ ಮಗ ಹೊಡೆದಾಡಿದ್ದಾನೆ, ಹಿಡಿದಿದ್ದೀವಿ" ಅಂದನಂತೆ.

ಅಮ್ಮ ಚೀಟಿ ಕೌಂಟರಿನವಳು. ಯಾರು ಏನೇ ಅಂದರೂ ಬಾಯಿಗೆ ಬರುವ ಪ್ರಶ್ನೆಗಳು ಒಂದೇ. "ಹೆಸರು?"

"ನಿಮ್ಮ ಮಗ ಮೇಡಂ."

"ವಯಸ್ಸು? ತಂದೆ ಹೆಸರು?"

ಫೋನಿನವನು ಕೈಗೆ ಸಿಕ್ಕಿದ್ದ ಮೇಷ್ಟ್ರ ಹೆಸರನ್ನೇ ಹೇಳಿದ. ಅಮ್ಮ ಅಲ್ಲಿಗೆ ಫೋನ್ ಇಟ್ಟಳು. ಮೋಸದವನಿಗೆ ಆಮೇಲೆ ಎಷ್ಟು ಸಲ ಮಾಡಿದರೂ ಲೈನು ಸಿಗಲಿಲ್ಲ, ಯಾಕೆಂದರೆ ಅಮ್ಮ ಮೇಷ್ಟ್ರಿಗೆ ಮಾಡುತ್ತಿದ್ದಳು. ಮೇಷ್ಟ್ರು ಪಾಠ ಅರ್ಧಕ್ಕೆ ಬಿಟ್ಟು ಮನೆಗೆ ಬಂದರು.

"ಆ ಹುಡುಗ ಯಾರು?" ಅಂದಳು ಅಮ್ಮ.

"ಯಾವ ಹುಡುಗ?"

"ನನಗೆ ಗೊತ್ತಿಲ್ಲದ ನಿಮ್ಮ ಮಗ. ದೊಡ್ಡವನಂತೆ. ಹೊಡೆದಾಡೋ ಅಷ್ಟು ದೊಡ್ಡವನು."

ಮೇಷ್ಟ್ರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಮಗನೇ ಇಲ್ಲ ಅಂದರು. ಹಾಗಾದರೆ ನಿಮ್ಮ ಹೆಸರು ಅವರಿಗೆ ಹೇಗೆ ಗೊತ್ತು ಅಂದಳು. ಊರಿಗೆಲ್ಲ ಕಾರು ಕಲಿಸಿದ್ದೀನಿ, ಯಾರಿಗೆ ಗೊತ್ತಿಲ್ಲ ಅಂದರು. ಅದನ್ನೇ ನಾನೂ ಹೇಳ್ತಿರೋದು ಅಂದಳು. ವಾರ್ಡನ್ ಅತ್ತೆಯನ್ನು ಕರೆಸಿದರು. ಅತ್ತೆ ಕಥೆ ಕೇಳಿ, "ಅಯ್ಯೋ, ಅದು ನಾನು ಮಾಡಿದ ಹುಡುಗ" ಅಂದರು. ಅದರಿಂದ ಗೊಂದಲ ಕಡಿಮೆಯಾಗಲಿಲ್ಲ. ಮಗಳು ಫೋನ್ ಮಾಡಿ ಎಲ್ಲ ಬಿಡಿಸಿ ಹೇಳುವ ತನಕ ಮೇಷ್ಟ್ರು ಮನೆಯ ಹೊರಗೆ ಕಾರಿನಲ್ಲೇ ಕೂತಿದ್ದರು, ಕಾಲನ್ನು ಬ್ರೇಕಿನ ಮೇಲಿಟ್ಟುಕೊಂಡು.

ಬ್ರೇಕು ಅಂದೇ ಯಜಮಾನಿಯನ್ನು ಕರೆದುಕೊಂಡು ಕಾಲೇಜಿನ ವಿದ್ಯಾರ್ಥಿ ಕಚೇರಿಗೆ ಹೋದಳು. ಅಲ್ಲಿನ ಮೇಡಂ ಪೊಲೀಸರಿಗೆ ದೂರು ಬರೆಸಿದರು, ಬ್ಯಾಂಕಿನ ಗುಟ್ಟಿನ ನಂಬರ್ ಬದಲು ಮಾಡಿಸಿದರು. "ನಿಜವಾದ ಕಚೇರಿಯವರು ಫೋನಿನಲ್ಲಿ ಪಾಸ್‌ಪೋರ್ಟ್ ಕೇಳಲ್ಲ, ಯಾರಿಗೂ ಹೇಳಬೇಡ ಅನ್ನಲ್ಲ. ಯಾರಿಗೂ ಹೇಳಬೇಡ ಅಂದ ಕೂಡಲೇ ಫೋನ್ ಇಟ್ಟು ಯಾರಿಗಾದರೂ ಹೇಳಬೇಕು" ಅಂದರು. ಬ್ರೇಕುಗೆ ಅದು ನಾಟಿತು. ತಾನು ಬಾಗಿಲಿಗೆ ಇಷ್ಟು ದೊಡ್ಡ ಕಾವಲು ಹಾಕಿ, ಫೋನಿನ ಕಿಟಕಿಯನ್ನು ಹಾರುಹೊಡೆದು ಕೂತಿದ್ದೆನಲ್ಲ ಅನ್ನಿಸಿತು.

ಅಣ್ಣ ಸುಳ್ಳು ಅನ್ನುವುದನ್ನು ಯಜಮಾನಿಗೆ ಹೇಳದೆ ವಿಧಿಯಿರಲಿಲ್ಲ. ದಾರಿಯಲ್ಲೇ ಹೇಳಿದಳು. ಯಜಮಾನಿ ನಡಿಗೆ ನಿಲ್ಲಿಸಿದಳು.

"ಹಾಗಾದರೆ ಬೀರು ಸರಿಸಿದ್ದು?"

"ನಾನು."

"ಮುಲಾಮು?"

"ಅದೂ ನನಗೇ."

ಮನೆ ಹತ್ತಿರ ಬಂದಾಗ ಯಜಮಾನಿ ದನಿ ತಗ್ಗಿಸಿ ಹೇಳಿದಳು, "ಯಾರಿಗೂ ಹೇಳಬೇಡ. ಮಹಡಿ ಮೇಲೆ ಕುಸ್ತಿಯವನಿದ್ದಾನೆ ಅಂತ ನಾನೂ ಬೀದಿಗೆಲ್ಲ ಹೇಳಿದ್ದೀನಿ. ಅವನು ಬಂದ ಮೇಲೆ ನನಗೂ ಒಳ್ಳೇ ನಿದ್ದೆ. ನೀನು ಹೋದರೂ ಅವನು ಇರಲಿ."

ತುತ್ತೂರಿಗೆ ಮಾತ್ರ ಬ್ರೇಕು ಪಾಪ ಅಂತ ನಿಜ ಹೇಳಿದಳು. ಅವನು ಬಹಳ ಸಂತೋಷಪಟ್ಟು, ಟವೆಲ್ ಕಿತ್ತೆಸೆದು, ಕಿಟಕಿ ಬಾಗಿಲೆಲ್ಲ ತೆರೆದು ಊದತೊಡಗಿದ. ಆಗ ಬ್ರೇಕು ತಾನು ಮಾಡಿದ್ದು ತಪ್ಪು ಅಂದುಕೊಂಡಳು.

ವಿದ್ಯಾರ್ಥಿ ಕಚೇರಿಯ ಮೇಡಂ ಅವಳನ್ನು ಬಿಡಲಿಲ್ಲ. ಹೊಸಬರು ಬಂದಾಗಲೆಲ್ಲ ಅವಳನ್ನು ಕರೆಸಿ ನಿಲ್ಲಿಸುತ್ತಿದ್ದರು. ಬ್ರೇಕು ನಡೆದದ್ದನ್ನೆಲ್ಲ, ಬಸ್ಸಿನಲ್ಲಿ ಅತ್ತದ್ದನ್ನೂ ಸೇರಿಸಿ ಹೇಳುವಳು. ಕೇಳುವವರು ಹೊಟ್ಟೆ ಹಿಡಿದುಕೊಂಡು ನಗುವರು. ಆದರೆ ಒಂದು ಸಲ ನಗುತ್ತಿದ್ದ ಗುಂಪಿನಲ್ಲಿ ಒಬ್ಬಳು ಹುಡುಗಿ ನಗದೆ ಕೂತಿದ್ದಳು. ಎಲ್ಲರೂ ಹೋದ ಮೇಲೆ ಬ್ರೇಕುವಿನ ಹತ್ತಿರ ಬಂದು, "ಅಕ್ಕ, ನನಗೆ ನಿನ್ನೆಯಿಂದ ಒಂದು ಫೋನ್ ಬರ್ತಿದೆ" ಅಂದಳು. ಬ್ರೇಕು ಅವಳ ಕೈ ಹಿಡಿದು ನೇರವಾಗಿ ಮೇಡಂ ಹತ್ತಿರ ಕರೆದುಕೊಂಡು ಹೋದಳು. ಆ ಹುಡುಗಿ ಪಾಸ್‌ಪೋರ್ಟಿನ ಫೋಟೋ ಇನ್ನೂ ಕಳಿಸಿರಲಿಲ್ಲ.

ಓದು ಮುಗಿಯಿತು. ಬ್ರೇಕು ಅದೇ ಊರಿನ ಒಂದು ಹಲ್ಲಿನ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಈಗ ಬೂಟನ್ನು ಯಜಮಾನಿಗೇ ಬಿಟ್ಟು ಲಾಂಡ್ರಿಯ ಜೊತೆಗಾರ್ತಿಯೊಂದಿಗೆ ಬೇರೆ ಮನೆ ಮಾಡಿಕೊಂಡಿದ್ದಾಳೆ. ಅವಳು ಮಾಡಿದ ಹಲ್ಲುಸೆಟ್ಟು ಹಾಕಿಕೊಂಡವರು ಗಟ್ಟಿ ಪದಾರ್ಥ ಧೈರ್ಯವಾಗಿ ಕಚ್ಚುತ್ತಾರಂತೆ.

ಪದವಿ ಕೊಡುವ ದಿನಕ್ಕೆ ಮೇಷ್ಟ್ರು ಬಂದಿದ್ದರು. ಸಮಾರಂಭ ಮುಗಿಸಿ ರಸ್ತೆ ದಾಟಲು ನಿಂತಾಗ, ಇವರು ದಾಟುವ ಬಿಳಿ ಪಟ್ಟೆಯ ಮೇಲೆ ಒಂದು ಕಾಲಿಟ್ಟ ಕೂಡಲೇ ಎರಡೂ ಕಡೆಯ ಕಾರುಗಳು ಸದ್ದಿಲ್ಲದೆ ನಿಂತವು. ಮೇಷ್ಟ್ರು ನಂಬಲಿಲ್ಲ. ಕಾಲು ಹಿಂದಕ್ಕೆ ತೆಗೆದರು. ಕಾರುಗಳು ಹೊರಟವು. ಮತ್ತೆ ಕಾಲಿಟ್ಟರು. ನಿಂತವು.

"ಹಾರ್ನ್ ಕೂಡ ಹೊಡೀಲಿಲ್ಲ ಕಣೇ" ಅಂದರು.

ದಾಟಿದರು. ಆ ಕಡೆ ಮುಟ್ಟಿದ ಮೇಲೆ ಏನೂ ಕೆಲಸವಿಲ್ಲದೆ ಮತ್ತೆ ಈ ಕಡೆ ದಾಟಿದರು. ನಿಂತ ಒಬ್ಬೊಬ್ಬ ಡ್ರೈವರಿಗೂ ಕೈಯೆತ್ತಿ, ಪರೀಕ್ಷೆಯಲ್ಲಿ ಪಾಸಾದವರನ್ನು ನೋಡುವ ಹಾಗೆ ತಲೆದೂಗಿದರು. ಒಬ್ಬನ ಕಾರಿನ ಹತ್ತಿರ ಹೋಗಿ ಪಕ್ಕದ ಕನ್ನಡಿಯನ್ನು ಸ್ವಲ್ಪ ಒಳಕ್ಕೆ ತಿರುಗಿಸಿಯೂ ಬಂದರು. ಗೌನು ಹಾಕಿಕೊಂಡ ಮಗಳು ಫುಟ್‌ಪಾತಿನ ಮೇಲೆ ನಿಂತು, "ಅಪ್ಪ, ಸಾಕು ಬಾ, ಹಸಿವಾಗ್ತಿದೆ" ಅಂತ ಕರೆಯುತ್ತಲೇ ಇದ್ದಳು.

"ಇನ್ನೊಂದೇ ಸಲ" ಅಂದು ಮೇಷ್ಟ್ರು ಮತ್ತೆ ಪಟ್ಟೆಯ ಮೇಲೆ ಕಾಲಿಟ್ಟರು.